ಅದೇ ಎಣ್ಣೆಗೆ ಈಗ ಹುಲ್ಲು ಏಕೆ ಸಾಯುತ್ತಿಲ್ಲ?

ಕಾಲುವೆ ಕೊನೆಯ ರೈತ, ಸಿಂಧನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಜಮೀನು, ಎರೆಭೂಮಿ. ಸ್ವಂತದ್ದು ಆರು ಎಕರೆ, ಪಕ್ಕದ ನಾಲ್ಕು ಎಕರೆಯನ್ನು ಲಾವಣಿಗೆ ಮಾಡುತ್ತೇವೆ. ನಾಟಿಗೆ ಆಳು ಸಿಗುವುದಿಲ್ಲ, ಕಾಲುವೆ ನೀರು ನಮ್ಮ ತನಕ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಹಲವು ವರ್ಷಗಳಿಂದ ಕೂರಿಗೆ ಭತ್ತವನ್ನೇ ಬಿತ್ತುತ್ತಿದ್ದೇವೆ.

ಕೂರಿಗೆ ಭತ್ತದಲ್ಲಿ ಕಳೆಯೇ ದೊಡ್ಡ ತಲೆನೋವು ಎಂಬುದು ನಿಮಗೆಲ್ಲ ಗೊತ್ತು. ಪ್ರತಿ ವರ್ಷ ಬಿತ್ತಿದ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಎಣ್ಣೆ ಹೊಡೆಯುತ್ತೇವೆ. ಮೊದಮೊದಲು ವಾರದೊಳಗೆ ಹುಲ್ಲು ಹಳದಿಯಾಗಿ, ಎರಡು ಮೂರು ವಾರಗಳಲ್ಲಿ ಪೂರ್ತಿ ಕೊಳೆತು ಹೋಗುತ್ತಿತ್ತು. ಹೋದ ವರ್ಷ ತೂಬಿನ ಹತ್ತಿರದ ಒಂದು ಮಡಿಯಲ್ಲಿ ಹುಲ್ಲು ಉಳಿಯಿತು. ಈ ವರ್ಷ ಅದೇ ಮಡಿಯಿಂದ ಕೆಳಗಿನ ಮೂರು ಮಡಿಗಳಿಗೆ ಹರಡಿದೆ. ಜೇಕು ಸತ್ತಿದೆ, ಅಗಲ ಎಲೆಯ ಕಳೆಗಳೂ ಸತ್ತಿವೆ. ಭತ್ತದ ಹಾಗೆಯೇ ಕಾಣುವ, ಬುಡ ಕೆಂಪಗಿರುವ ಆ ಹುಲ್ಲು ಮಾತ್ರ ಸ್ವಲ್ಪ ಬಿಳಿಚಿಕೊಂಡು ಮತ್ತೆ ಚಿಗುರಿ ನಿಂತಿದೆ. ಅಂಗಡಿಯಲ್ಲಿ ಬೇರೆ ಎಣ್ಣೆ ಕೊಟ್ಟರು. ಅದನ್ನೂ ಹೊಡೆದೆವು, ಏನೂ ಆಗಲಿಲ್ಲ.

ಇದು ಕಲಬೆರಕೆ ಔಷಧಿಯೇ, ಹವಾಮಾನದ ದೋಷವೇ, ಅಥವಾ ಹುಲ್ಲೇ ಔಷಧಿಗೆ ಒಗ್ಗಿಕೊಂಡಿದೆಯೇ? ಒಗ್ಗಿಕೊಳ್ಳುವುದಾದರೆ ಹೇಗೆ? ಗಿಡಕ್ಕೆ ಬುದ್ಧಿ ಇಲ್ಲ, ನೆನಪಿಲ್ಲ. ದಯವಿಟ್ಟು ತಿಳಿದವರು ವಿವರವಾಗಿ ಹೇಳಿ. ಹೋದ ಬೆಳೆಯ ಸಾಲವೇ ಇನ್ನೂ ತೀರಿಲ್ಲ, ಮೂರನೆಯ ಸಲ ಎಣ್ಣೆ ಹೊಡೆಸುವ ಶಕ್ತಿ ಇಲ್ಲ.

ಗೊಬ್ಬರದ ಅಂಗಡಿ, ಕಾರಟಗಿ

ಅಣ್ಣ, ಈ ವರ್ಷ ನಮ್ಮಲ್ಲಿಗೂ ಇದೇ ದೂರು ಬರುತ್ತಿದೆ. ಬಹಳ ಜನ ಎಕರೆಗೆ ನೂರು ಮಿಲಿ ಹಾಕುವ ಕಡೆ ನೂರೈವತ್ತು, ಇನ್ನೂರು ಹಾಕುತ್ತಿದ್ದಾರೆ. ಕೆಲವರಿಗೆ ಕೆಲಸ ಮಾಡಿದೆ. ಹುಲ್ಲು ಬಲಿಯುವ ಮೊದಲು ಒಮ್ಮೆ ಹೆಚ್ಚು ಪ್ರಮಾಣದಲ್ಲಿ ಹೊಡೆದು ನೋಡಿ.

ನಿವೃತ್ತ ಕೃಷಿ ಅಧಿಕಾರಿ, ಗಂಗಾವತಿ

ಸಿಂಧನೂರಿನ ಮಿತ್ರರೇ, ದಯವಿಟ್ಟು ಪ್ರಮಾಣ ಹೆಚ್ಚಿಸಲು ಹೋಗಬೇಡಿ. ಏಕೆ ಎಂದು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಗದ್ದೆಯಲ್ಲಿ ಆಗಿರುವುದು ಸಿಂಪಡಣೆಯ ದೋಷವೋ ಅಥವಾ ನಿರೋಧಕತೆಯೋ (ಅಂದರೆ ಔಷಧಿ ಸರಿಯಾಗಿ ಬಿದ್ದರೂ ಹುಲ್ಲು ಸಾಯದಿರುವ ಗುಣವೋ) ಎಂಬುದನ್ನು ಬೇರ್ಪಡಿಸಬೇಕು. ಹುಲ್ಲು ಸಾಯದಿದ್ದರೆ ಎಲ್ಲದಕ್ಕೂ ನಿರೋಧಕತೆ ಎಂದು ಹೆಸರಿಡುವುದು ಈಗ ರೂಢಿಯಾಗಿದೆ.

ಉಳಿದ ಹುಲ್ಲು ಪಂಪು ಹೊತ್ತವನು ನಡೆದ ದಾರಿಗೆ ಸಮನಾಗಿ ಪಟ್ಟೆ ಪಟ್ಟೆಯಾಗಿದ್ದರೆ ಅದು ಸಿಂಪಡಣೆ ತಪ್ಪಿದ ಜಾಗ. ಜೇಕು, ಅಗಲ ಎಲೆ, ಹುಲ್ಲು ಎಲ್ಲವೂ ಒಟ್ಟಿಗೆ ಉಳಿದಿದ್ದರೆ ಔಷಧಿ, ನೀರು ಅಥವಾ ಮಳೆಯ ಮೇಲೆ ಅನುಮಾನ ಪಡಬೇಕು. ಬಿಸ್ಪೈರಿಬ್ಯಾಕ್ ಎಲೆಯ ಮೂಲಕ ಒಳಗೆ ಹೋಗುವ ಔಷಧಿ. ಮಡಿಯಲ್ಲಿ ನೀರು ನಿಂತು ಕಳೆ ಮುಳುಗಿದ್ದರೆ ಅದು ಎಲೆಗೆ ತಾಗುವುದೇ ಇಲ್ಲ. ನೀರು ಬಸಿದು ಹೊಡೆಯಬೇಕು, ಎರಡು ಮೂರು ದಿನಗಳ ಮೇಲೆ ಮತ್ತೆ ನೀರು ಕಟ್ಟಬೇಕು. ಹೊಡೆಯುವಾಗ ಹುಲ್ಲು ಐದು ಎಲೆ ದಾಟಿ ತೆಂಡೆ ಒಡೆದಿದ್ದರೂ ಉಳಿಯುತ್ತದೆ. ಸಿಂಪಡಣೆಯ ನಂತರ ಹುಟ್ಟಿದ ಎಳೆಯ ಹುಲ್ಲನ್ನು ನೋಡಿ ಔಷಧಿ ಕೆಲಸ ಮಾಡಲಿಲ್ಲ ಎಂದುಕೊಳ್ಳುವವರೂ ಇದ್ದಾರೆ.

ಆದರೆ ನೀವು ಬರೆದಿರುವ ಮೂರು ವಿಷಯಗಳು ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿವೆ. ಉಳಿದದ್ದು ಒಂದೇ ಜಾತಿಯ ಕಳೆ. ಹೋದ ವರ್ಷ ಉಳಿದ ಜಾಗದಿಂದಲೇ ಈ ವರ್ಷ ಹರಡಿದೆ. ಹರಡಿದ್ದು ನೀರು ಹರಿಯುವ ದಿಕ್ಕಿನಲ್ಲಿ. ಇನ್ನೊಂದನ್ನು ನೀವೇ ಹೋಗಿ ನೋಡಿ ಹೇಳಬೇಕು: ಒಂದೇ ಎತ್ತರದ ಎರಡು ಹುಲ್ಲು ಅಕ್ಕಪಕ್ಕದಲ್ಲಿದ್ದು, ಒಂದು ಸತ್ತು ಒಂದು ಬದುಕಿದೆಯೇ? ಔಷಧಿ ಎರಡಕ್ಕೂ ಸಮನಾಗಿ ಬಿದ್ದಿರುವ ಕಡೆ ಹಾಗಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಗಿಡಕ್ಕೆ ಬುದ್ಧಿ ಇಲ್ಲ ಎಂದಿರಿ. ಸರಿಯಾದ ಮಾತು. ಯಾವ ಹುಲ್ಲೂ ಔಷಧಿಯನ್ನು ಕುಡಿದು ಕುಡಿದು ಒಗ್ಗಿಕೊಳ್ಳುವುದಿಲ್ಲ. ಔಷಧಿ ಹೊಸ ಗುಣವನ್ನು ಹುಟ್ಟಿಸುವುದೂ ಇಲ್ಲ. ಲಕ್ಷಾಂತರ ಹುಲ್ಲುಗಳಲ್ಲಿ ಎಲ್ಲೋ ಒಂದು, ನಾವು ಔಷಧಿಯನ್ನು ಕಂಡುಹಿಡಿಯುವ ಮೊದಲೇ, ಆ ಔಷಧಿಗೆ ಸಾಯದ ಗುಣವನ್ನು ಹೊತ್ತು ನಿಂತಿರುತ್ತದೆ. ಹಿಂದೆ ನಮ್ಮ ಹಿರಿಯರು ಕಟಾವಿಗೆ ಮುಂಚೆ ಹೊಲವೆಲ್ಲ ತಿರುಗಿ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆ ಇಡುತ್ತಿದ್ದರಲ್ಲ, ಕಳೆನಾಶಕ ಮಾಡುವುದೂ ಅದನ್ನೇ. ಸಾಯುವವನ್ನೆಲ್ಲ ಕೊಂದು, ಸಾಯದ ಒಂದನ್ನು ಬೀಜಕ್ಕೆ ಬಿಡುತ್ತದೆ.

ಆಸ್ಟ್ರೇಲಿಯಾದಲ್ಲಿ ಲೋಲಿಯಂ ರಿಜಿಡಂ ಎಂಬ ರೈಗ್ರಾಸ್ ಹುಲ್ಲಿನ ಮೇಲೆ ಈ ಎಣಿಕೆಯನ್ನು ಮಾಡಿದ್ದಾರೆ. ಸಲ್ಫೋನಿಲ್ ಯೂರಿಯಾ ಗುಂಪಿನ ಔಷಧಿಯನ್ನು ಎಂದೂ ಕಾಣದ ಹುಲ್ಲಿನಲ್ಲಿಯೇ, ಲಕ್ಷಕ್ಕೆ ಸುಮಾರು ಎರಡರಿಂದ ಹನ್ನೆರಡು ಗಿಡಗಳು ಅದಕ್ಕೆ ಸಾಯದವು ಸಿಕ್ಕವು. ಇದನ್ನು ನಮ್ಮ ಗದ್ದೆಗೆ ಹಚ್ಚಿ ನೋಡಿ. ಒಂದು ಚದರ ಮೀಟರಿಗೆ ನೂರು ಹುಲ್ಲು ಎಂದರೆ ಎಕರೆಗೆ ನಾಲ್ಕು ಲಕ್ಷ. ಲಕ್ಷಕ್ಕೆ ಒಂದೇ ಎಂದು ಹಿಡಿದರೂ ಎಕರೆಗೆ ನಾಲ್ಕು ಗಿಡ. ಮೊದಲ ವರ್ಷ ಆ ನಾಲ್ಕು ಗಿಡಗಳನ್ನು ಯಾರೂ ಗಮನಿಸುವುದಿಲ್ಲ, ಗದ್ದೆ ಸ್ವಚ್ಛವಾಗಿದೆ ಎಂದು ಸಂತೋಷಪಡುತ್ತೇವೆ. ಆದರೆ ಸುತ್ತಲಿನ ಹುಲ್ಲೆಲ್ಲ ಸತ್ತು ಜಾಗ, ಗೊಬ್ಬರ, ಬೆಳಕು ಎಲ್ಲವೂ ಅವಕ್ಕೇ ಸಿಗುತ್ತದೆ. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಕಟ್ಟುತ್ತದೆ, ಅದೂ ಭತ್ತ ಮಾಗುವ ಮೊದಲೇ ಉದುರಿಸುತ್ತದೆ. ಮರುವರ್ಷ ಅದೇ ಔಷಧಿ, ಅದೇ ಆಯ್ಕೆ. ನಾವು ಕಣ್ಣಿನಿಂದ ಗುರುತಿಸುವ ಹೊತ್ತಿಗೆ ಗದ್ದೆಯ ಮಣ್ಣಿನ ತುಂಬ ಅವುಗಳದೇ ಬೀಜ.

ಸಾಯದ ಗುಣ ಎಂದರೆ ಏನು? ಮುಖ್ಯವಾಗಿ ಎರಡು ಬಗೆ. ಬಿಸ್ಪೈರಿಬ್ಯಾಕ್ ಗಿಡದಲ್ಲಿ ಅಸಿಟೋಲ್ಯಾಕ್ಟೇಟ್ ಸಿಂಥೇಸ್ ಎಂಬ ಒಂದೇ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಮೂರು ಅಮೈನೊ ಆಮ್ಲಗಳನ್ನು ತಯಾರಿಸಲು ಗಿಡಕ್ಕೆ ಈ ಕಿಣ್ವ ಬೇಕು. ಇವಿಲ್ಲದೆ ಎಳೆಯ ಚಿಗುರು ಬೆಳೆಯಲಾರದೆ ಗಿಡ ನಿಧಾನವಾಗಿ ಸಾಯುತ್ತದೆ. ಆ ಕಿಣ್ವದಲ್ಲಿ ಒಂದೇ ಒಂದು ಜಾಗದ ಅಮೈನೊ ಆಮ್ಲ ಬದಲಾಗಿದ್ದರೂ ಸಾಕು, ಔಷಧಿಗೆ ಅಲ್ಲಿ ಅಂಟಿಕೊಳ್ಳಲು ಆಗುವುದಿಲ್ಲ, ಕಿಣ್ವ ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಇದು ಮೊದಲನೆಯ ಬಗೆ. ಎರಡನೆಯದು ಇನ್ನೂ ಕೆಟ್ಟದ್ದು: ಕಿಣ್ವ ಹಾಗೆಯೇ ಇರುತ್ತದೆ, ಆದರೆ ಔಷಧಿ ಅಲ್ಲಿಗೆ ತಲುಪುವ ಮೊದಲೇ ಗಿಡ ಅದನ್ನು ಒಡೆದು ನಿರ್ವಿಷ ಮಾಡುತ್ತದೆ.

ಈ ಎರಡನೆಯ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಕರ್ನಾಲ್, ಕೈಥಲ್ ಕಡೆಯ ಗೋಧಿ ಹೊಲಗಳಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲು, ಅವರ ಮಾತಿನಲ್ಲಿ ಮಂಡೂಸಿ ಅಥವಾ ಗುಲ್ಲಿದಂಡ. ತೆನೆ ಹೊರಡುವ ತನಕ ಗೋಧಿಯನ್ನೂ ಅದನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಎಂಬತ್ತರ ದಶಕದಿಂದ ಐಸೊಪ್ರೊಟ್ಯುರಾನ್ ಎಂಬ ಒಂದೇ ಔಷಧಿಯಿಂದ ಅದನ್ನು ಹತ್ತಿಕ್ಕಿದ್ದರು. ಅಗ್ಗದ ಔಷಧಿ, ಮರಳಿಗೋ ಯೂರಿಯಾಕ್ಕೋ ಬೆರೆಸಿ ಎರಚಿದರೂ ನಡೆಯುತ್ತಿತ್ತು. ಭತ್ತ, ಗೋಧಿ, ಮತ್ತೆ ಭತ್ತ, ಮತ್ತೆ ಗೋಧಿ. ಪ್ರತಿ ಗೋಧಿಗೂ ಐಸೊಪ್ರೊಟ್ಯುರಾನ್. ಹತ್ತು ಹದಿನೈದು ವರ್ಷ ನಡೆಯಿತು. ಆಮೇಲೆ ನಾನು ಕಂಡದ್ದು ಹೊಲಕ್ಕೆ ಹೊಲವೇ ಮಂಡೂಸಿಯಾಗಿದ್ದನ್ನು. ಗೋಧಿಯನ್ನು ಕಾಳಿಗಾಗಿ ಕೊಯ್ಯುವ ಆಸೆ ಬಿಟ್ಟು, ಹಸಿಯಾಗಿಯೇ ಕತ್ತರಿಸಿ ಎಮ್ಮೆಗಳ ಮುಂದೆ ಹಾಕುತ್ತಿದ್ದರು. ಬದುವಿನ ಮೇಲೆ ನಿಂತು ಆ ರೈತರ ಮುಖ ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ವಿಶ್ವವಿದ್ಯಾಲಯದ ಮಲಿಕ್ ಮತ್ತು ಸಮುಂದರ್ ಸಿಂಗ್ ಅವರು ಇದನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಕಳೆನಾಶಕ ನಿರೋಧಕತೆಯ ದೊಡ್ಡ ಪ್ರಕರಣ ಅದೇ. ಮುಂದೆ ತಿಳಿದದ್ದು ಏನೆಂದರೆ, ಗೋಧಿ ಐಸೊಪ್ರೊಟ್ಯುರಾನ್‌ಗೆ ಸಾಯದಿರುವುದು ಅದು ಔಷಧಿಯನ್ನು ತನ್ನೊಳಗೆ ಒಡೆದುಹಾಕುವುದರಿಂದ. ಮಂಡೂಸಿಯಲ್ಲಿ ಉಳಿದುಕೊಂಡ ಗಿಡಗಳೂ ಅದೇ ಕೆಲಸವನ್ನು ಮಾಡುತ್ತಿದ್ದವು. ಹೊರಗಿನಿಂದ ಗೋಧಿಯಂತೆ ಕಾಣುತ್ತಿದ್ದ ಕಳೆ ಒಳಗಿನಿಂದಲೂ ಗೋಧಿಯಂತೆ ಆಗಿತ್ತು.

ಅಂಗಡಿಯ ಮಿತ್ರರಿಗೆ ಒಂದು ಮಾತು. ನೀವು ರೈತರ ಒಳ್ಳೆಯದಕ್ಕೇ ಹೇಳಿದ್ದೀರಿ ಎಂದು ಗೊತ್ತು. ಆದರೆ ಕಿಣ್ವವೇ ಬದಲಾದ ಗಿಡಕ್ಕೆ ಎರಡು ಪಟ್ಟು ಔಷಧಿ ಹಾಕಿದರೂ ಹೆಚ್ಚಿನ ಸಲ ಅದು ಸಾಯುವುದಿಲ್ಲ, ಭತ್ತ ಬಿಳಿಚಿಕೊಳ್ಳುತ್ತದೆ, ಖರ್ಚು ಎರಡಾಗುತ್ತದೆ. ಇದರ ಇನ್ನೊಂದು ತುದಿಯೂ ಅಷ್ಟೇ ಅಪಾಯಕಾರಿ. ಖರ್ಚು ಉಳಿಸಲು ಎಕರೆಗೆ ಐವತ್ತು ಮಿಲಿ ಹಾಕಿ, ನಾಲ್ಕು ಟ್ಯಾಂಕಿನಲ್ಲಿ ಒಂದು ಎಕರೆ ಮುಗಿಸುವವರು ನಮ್ಮಲ್ಲಿ ಬಹಳ. ಆಸ್ಟ್ರೇಲಿಯಾದ ಅದೇ ರೈಗ್ರಾಸ್‌ಗೆ ಡೈಕ್ಲೋಫಾಪ್ ಎಂಬ ಔಷಧಿಯನ್ನು ಬೇಕೆಂದೇ ಕಡಿಮೆ ಪ್ರಮಾಣದಲ್ಲಿ ಹೊಡೆದು, ಉಳಿದವುಗಳ ಬೀಜವನ್ನೇ ಬಿತ್ತುತ್ತಾ ಹೋದರು. ಮೂರೇ ತಲೆಮಾರಿನಲ್ಲಿ ಪೂರ್ಣ ಪ್ರಮಾಣಕ್ಕೂ ಸಾಯದ ಹುಲ್ಲು ತಯಾರಾಯಿತು. ಅಲ್ಪಸ್ವಲ್ಪ ತಡೆಯುವ ಗಿಡಗಳು ಅರ್ಧ ಪ್ರಮಾಣದಲ್ಲಿ ಬದುಕುತ್ತವೆ, ಪರಸ್ಪರ ಪರಾಗಸ್ಪರ್ಶವಾಗಿ ಆ ಅಲ್ಪಸ್ವಲ್ಪಗಳು ಒಂದೇ ಗಿಡದಲ್ಲಿ ಕೂಡಿಕೊಳ್ಳುತ್ತವೆ. ಚೀಟಿಯಲ್ಲಿ ಬರೆದ ಪ್ರಮಾಣ, ಎಕರೆಗೆ ಸಾಕಷ್ಟು ನೀರು, ಚಪ್ಪಟೆ ಬೀಸಣಿಗೆಯಂತೆ ಬೀಳುವ ಕಳೆನಾಶಕದ ನಾಜಲ್: ಈ ಮೂರರಲ್ಲಿ ರಾಜಿ ಬೇಡ.

ಸಿಂಧನೂರಿನ ಮಿತ್ರರೇ, ನೀವು ಹೊಡೆದ ಎರಡೂ ಬಾಟಲಿಗಳನ್ನು ಹುಡುಕಿ. ದೊಡ್ಡ ಅಕ್ಷರದ ಹೆಸರನ್ನು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಇಲ್ಲಿ ಬರೆಯಿರಿ.

ಕಾಲುವೆ ಕೊನೆಯ ರೈತ, ಸಿಂಧನೂರು ತಾಲ್ಲೂಕು

ಸರ್, ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಕೈಮುಗಿಯುತ್ತೇನೆ. ಬೆಳಿಗ್ಗೆ ಗದ್ದೆಗೆ ಹೋಗಿ ನೋಡಿ ಬಂದೆ. ನೀವು ಹೇಳಿದ ಹಾಗೆಯೇ ಇದೆ. ಒಂದೇ ಎತ್ತರದ ಹುಲ್ಲು, ಒಂದು ಒಣಗಿ ಕಂದಾಗಿದೆ, ಗೇಣು ದೂರದ ಇನ್ನೊಂದು ಹಸಿರಾಗಿದೆ. ಮೊದಲು ಹೊಡೆದ ಬಾಟಲಿಯಲ್ಲಿ ಬಿಸ್ಪೈರಿಬ್ಯಾಕ್ ಸೋಡಿಯಂ ಶೇಕಡ 10 ಎಂದಿದೆ. ಎರಡನೆಯದರಲ್ಲಿ ಪೆನಾಕ್ಸುಲಮ್ ಎಂದಿದೆ. ಕಂಪನಿ ಬೇರೆ, ಬಣ್ಣ ಬೇರೆ, ಬೆಲೆಯೂ ಬೇರೆ.

ಇನ್ನೊಂದು ಸಂದೇಹ. ಕಳೆನಾಶಕ ಹೊಡೆದರೂ ಬೆಳೆ ಸಾಯದ ಹೊಸ ಭತ್ತದ ಬೀಜ ಬಂದಿದೆಯಂತೆ. ಅದನ್ನು ಹಾಕಿದರೆ ಈ ಕಾಟ ತಪ್ಪುತ್ತದೆಯೇ?

ಗದ್ದೆ ಕೆಲಸದವಳು, ಸಿರುಗುಪ್ಪ

ತಮ್ಮ, ನಾನು ಓದಿದವಳಲ್ಲ. ಸ್ವಂತ ಎರಡು ಎಕರೆ ಇದೆ, ಉಳಿದ ದಿನಗಳಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಕಳೆ ಕೀಳಲು ಹೋಗುತ್ತೇನೆ. ಸರ್ ಹೇಳಿದ ಔಷಧಿಯ ವಿಷಯ ನನಗೆ ತಿಳಿಯದು. ಕೈಯಿಂದ ಕೀಳುವವರಿಗೆ ಗೊತ್ತಿರುವುದನ್ನು ಹೇಳುತ್ತೇನೆ.

ಎಳೆಯದಿರುವಾಗ ಭತ್ತವನ್ನೂ ಆ ಹುಲ್ಲನ್ನೂ ದೂರದಿಂದ ನೋಡಿ ಬೇರೆ ಮಾಡಲಾಗುವುದಿಲ್ಲ. ಬಗ್ಗಿ ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಬಿಡಿಸಿ ನೋಡಬೇಕು. ಭತ್ತಕ್ಕೆ ಅಲ್ಲಿ ತೆಳುವಾದ ಬಿಳಿ ಪೊರೆ ಇರುತ್ತದೆ. ಆ ಹುಲ್ಲಿಗೆ ಅಲ್ಲಿ ಏನೂ ಇರುವುದಿಲ್ಲ, ನುಣುಪಾಗಿರುತ್ತದೆ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಮೊದಲು ಇದನ್ನೇ ತೋರಿಸುತ್ತೇನೆ, ಇಲ್ಲವಾದರೆ ಭತ್ತವನ್ನು ಕಿತ್ತು ಹುಲ್ಲನ್ನು ಬಿಡುತ್ತಾರೆ.

ಗದ್ದೆಯ ಯಜಮಾನರ ಮೇಲೆ ನನಗೊಂದು ಬೇಸರವಿದೆ. ಎಣ್ಣೆ ಹೊಡೆದ ಮೇಲೆ ಅಲ್ಲೊಂದು ಇಲ್ಲೊಂದು ಹುಲ್ಲು ಉಳಿದಿರುತ್ತದೆ. ಆಗ ನಮ್ಮನ್ನು ಕರೆದರೆ ನಾಲ್ಕು ಜನ ಅರ್ಧ ದಿನದಲ್ಲಿ ಇಡೀ ಎಕರೆ ತಿರುಗಿ ತೆಗೆದುಬಿಡುತ್ತೇವೆ. ಆಗ ಯಾರೂ ಕರೆಯುವುದಿಲ್ಲ, ಇಷ್ಟಕ್ಕೆ ಕೂಲಿ ಏಕೆ ಎನ್ನುತ್ತಾರೆ. ತೆನೆ ಹೊರಟು ಭತ್ತದ ಮೇಲೆ ತಲೆ ಎತ್ತಿ ನಿಂತ ಮೇಲೆ ಓಡಿ ಬರುತ್ತಾರೆ. ಆಗ ಕಿತ್ತರೆ ಕೈಯಲ್ಲಿರುವಾಗಲೇ ಬೀಜ ಉದುರುತ್ತದೆ. ಕಿತ್ತ ಹುಲ್ಲನ್ನು ಬದುವಿನ ಮೇಲೆ ಎಸೆಯುವುದೂ ಸರಿಯಲ್ಲ, ಮಳೆಗೆ ಮತ್ತೆ ಮಡಿಗೇ ಇಳಿಯುತ್ತದೆ. ಚೀಲದಲ್ಲಿ ತುಂಬಿ ಹೊರಗೆ ಒಯ್ದು ಸುಡಬೇಕು.

ನಿವೃತ್ತ ಕೃಷಿ ಅಧಿಕಾರಿ, ಗಂಗಾವತಿ

ಸಿರುಗುಪ್ಪದ ತಾಯಿ, ಓದಿದವಳಲ್ಲ ಎನ್ನಬೇಡಿ. ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯವನ್ನು ನೀವೇ ಹೇಳಿದ್ದೀರಿ. ನಿರೋಧಕತೆಯ ಇಡೀ ವ್ಯವಹಾರ ನಿಂತಿರುವುದು ಉಳಿದ ಗಿಡ ಬೀಜ ಉದುರಿಸುತ್ತದೆಯೋ ಇಲ್ಲವೋ ಎಂಬುದರ ಮೇಲೆ. ಔಷಧಿಗೆ ಸಾಯದ ಹುಲ್ಲು ಕೈಗೂ ಕುಡುಗೋಲಿಗೂ ಸಾಯುತ್ತದೆ. ಮೊದಲ ವರ್ಷ ಆ ನಾಲ್ಕೇ ಗಿಡಗಳನ್ನು ಕಿತ್ತಿದ್ದರೆ ಅವುಗಳ ವಂಶವೇ ಇರುತ್ತಿರಲಿಲ್ಲ. ಅರ್ಧ ದಿನದ ಆ ಕೂಲಿ, ಗದ್ದೆಯ ಮೇಲೆ ಮಾಡುವ ಖರ್ಚುಗಳಲ್ಲೆಲ್ಲ ಅತಿ ಸಾರ್ಥಕವಾದದ್ದು ಎಂದು ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಈಗ ಬಾಟಲಿಗಳ ವಿಷಯ. ಕಳೆನಾಶಕಗಳನ್ನು ಅವು ಗಿಡದ ಯಾವ ಕೆಲಸವನ್ನು ನಿಲ್ಲಿಸುತ್ತವೆ ಎಂಬುದರ ಮೇಲೆ ಗುಂಪು ಮಾಡಿ ಸಂಖ್ಯೆ ಕೊಟ್ಟಿದ್ದಾರೆ. ಬಿಸ್ಪೈರಿಬ್ಯಾಕ್ 2ನೇ ಗುಂಪು. ಪೆನಾಕ್ಸುಲಮ್ ಕೂಡ 2ನೇ ಗುಂಪೇ. ಭತ್ತಕ್ಕೆ ನಾವು ಬಳಸುವ ಪೈರಜೋಸಲ್ಫ್ಯುರಾನ್, ಎಥಾಕ್ಸಿಸಲ್ಫ್ಯುರಾನ್, ಬೆನ್‌ಸಲ್ಫ್ಯುರಾನ್, ಮೆಟ್‌ಸಲ್ಫ್ಯುರಾನ್ ಎಲ್ಲವೂ ಅದೇ. ಎಲ್ಲವೂ ಅದೇ ಕಿಣ್ವವನ್ನು ಹಿಡಿಯುತ್ತವೆ. ನೀವು ಕಂಪನಿಯನ್ನು ಬದಲಿಸಿದಿರಿ, ಹುಲ್ಲಿನ ಮಟ್ಟಿಗೆ ಔಷಧಿ ಬದಲಾಗಲೇ ಇಲ್ಲ. ಇದು ನಿಮ್ಮ ತಪ್ಪಲ್ಲ. ಗುಂಪಿನ ಸಂಖ್ಯೆಯನ್ನು ಬಾಟಲಿಯ ಮುಂಭಾಗದಲ್ಲಿ ಬೆಲೆಯಷ್ಟೇ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಮುದ್ರಿಸಬೇಕು ಎಂದು ನಾನು ಬಹಳ ದಿನಗಳಿಂದ ಒತ್ತಾಯಿಸುತ್ತಿದ್ದೇನೆ.

ಈ ಗುಂಪಿಗೆ ನಿರೋಧಕತೆ ಬೇಗ ಬರುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. ಕ್ಲೋರ್‌ಸಲ್ಫ್ಯುರಾನ್ ಎಂಬ ಔಷಧಿ ಅಮೆರಿಕದ ಗೋಧಿ ಹೊಲಗಳಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. 1987ರಲ್ಲೇ ಐಡಾಹೊ ರಾಜ್ಯದಲ್ಲಿ ಅದಕ್ಕೆ ಸಾಯದ ಕಳೆ ಸಿಕ್ಕಿತು. ನಮ್ಮ ದೇಶದ ಭತ್ತದಲ್ಲೂ ಆರಂಭವಾಗಿದೆ: ಒಂದು ಜಾತಿಯ ಜೇಕು, ಸೈಪರಸ್ ಡಿಫಾರ್ಮಿಸ್, ಬಿಸ್ಪೈರಿಬ್ಯಾಕ್‌ಗೆ ಸಾಯುತ್ತಿಲ್ಲ ಎಂದು ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು 2021ರಲ್ಲಿ ವರದಿ ಮಾಡಿದರು. ನಿಮ್ಮಲ್ಲಿ ಜೇಕು ಸಾಯುತ್ತಿದೆ ಎಂದಿರಿ, ಅದು ಒಳ್ಳೆಯದು, ಆದರೆ ಕಣ್ಣಿಟ್ಟಿರಿ.

ಹೊಸ ಬೀಜದ ಬಗ್ಗೆ ಕೇಳಿದಿರಿ. 2021ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ತಳಿಗಳನ್ನು ಬಿಡುಗಡೆ ಮಾಡಿತು. ಅವು ಇಮಾಜೆಥಾಪೈರ್ ಎಂಬ ಔಷಧಿಯನ್ನು ತಡೆದುಕೊಳ್ಳುತ್ತವೆ. ಇಮಾಜೆಥಾಪೈರ್ ಯಾವ ಗುಂಪು? ಅದೂ 2. ಈಗಾಗಲೇ 2ನೇ ಗುಂಪಿಗೆ ಸಾಯದ ಹುಲ್ಲು ತುಂಬಿದ ಗದ್ದೆಗೆ ಇದೇ ಬಗೆಯ ಬೀಜವನ್ನು ತಂದರೆ ಹುಲ್ಲೂ ಉಳಿಯಬಹುದು, ಭತ್ತವೂ ಉಳಿಯುತ್ತದೆ, ಔಷಧಿಯ ಹಣ ಮಾತ್ರ ಹೋಗುತ್ತದೆ. ಇನ್ನೊಂದು ಅಪಾಯ ಕಾಡುಭತ್ತದ್ದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 2002ರಲ್ಲಿ ಇಂಥದೇ ಭತ್ತ ಬಂತು. ಬೆಳೆಯ ಪರಾಗ ಕಾಡುಭತ್ತಕ್ಕೆ ತಾಗಿ, ಕೆಲವೇ ವರ್ಷಗಳಲ್ಲಿ ಕಾಡುಭತ್ತವೂ ಆ ಔಷಧಿಗೆ ಸಾಯದಂತಾಯಿತು. ಕೂರಿಗೆ ಭತ್ತ ಮಾಡುವ ನಮ್ಮಲ್ಲಿ ಕಾಡುಭತ್ತ ಈಗಾಗಲೇ ಇದೆ. ನಾನಾದರೆ ಅವಸರ ಮಾಡುವುದಿಲ್ಲ.

ಹಾಗಾದರೆ ಬೇರೆ ಗುಂಪಿನ ಔಷಧಿ ಹೊಡೆದರೆ ಮುಗಿಯಿತೇ ಎಂದು ನೀವು ಕೇಳುತ್ತೀರಿ. ಕಿಣ್ವ ಬದಲಾದ ಹುಲ್ಲಾದರೆ ಕೆಲಸ ಆಗುತ್ತದೆ. ಹುಲ್ಲಿಗೆ ಸೈಹಾಲೊಫಾಪ್ ಇದೆ, ಅದು 1ನೇ ಗುಂಪು. ಫ್ಲೋರ್‌ಪೈರಾಕ್ಸಿಫೆನ್ ಇದೆ, ಅದು 4ನೇ ಗುಂಪು. ಒಣಬಿತ್ತನೆಯಾದ ಕೂಡಲೇ ಮಣ್ಣು ಹಸಿಯಿರುವಾಗ ಹೊಡೆಯುವ ಪೆಂಡಿಮೆಥಾಲಿನ್ 3ನೇ ಗುಂಪು. ಮುಂದಿನ ಹಂಗಾಮಿನಲ್ಲಿ ಪೆಂಡಿಮೆಥಾಲಿನ್ ಹೊಡೆಯುವುದನ್ನು ತಪ್ಪಿಸಲೇಬೇಡಿ. ಕಳೆ ಮೊಳೆಯುವ ಮುಂಚೆಯೇ ಹೆಚ್ಚಿನವು ಸತ್ತರೆ, ನಂತರದ ಔಷಧಿ ಎದುರಿಸಬೇಕಾದ ಗಿಡಗಳೇ ಕಡಿಮೆಯಾಗುತ್ತವೆ.

ಆದರೆ ಔಷಧಿಯನ್ನು ಒಡೆದುಹಾಕುವ ಬಗೆಯ ಹುಲ್ಲಾಗಿದ್ದರೆ ಈ ಅದಲುಬದಲೂ ಕೈಕೊಡಬಹುದು. ಕ್ಯಾಲಿಫೋರ್ನಿಯಾದ ಭತ್ತದ ಗದ್ದೆಗಳಲ್ಲಿ ನಿಮ್ಮ ಹುಲ್ಲಿನ ಹತ್ತಿರದ ನೆಂಟ, ಎಕೈನೋಕ್ಲೋವಾ ಫಿಲ್ಲೋಪೋಗನ್, ಬೇರೆ ಬೇರೆ ಗುಂಪುಗಳ ಔಷಧಿಗಳಿಗೆ ಸಾಯದಂತಾಗಿತ್ತು. ಬಿಸ್ಪೈರಿಬ್ಯಾಕ್ ಅಲ್ಲಿನ ಮಾರುಕಟ್ಟೆಗೆ ಬರುವ ಮೊದಲೇ ವಿಜ್ಞಾನಿಗಳು ಹೊಡೆದು ನೋಡಿದರೆ, ಆ ಹುಲ್ಲು ಅದಕ್ಕೂ ಸಾಯಲಿಲ್ಲ! ಎಂದೂ ಕಾಣದ ಔಷಧಿಗೆ ನಿರೋಧಕತೆ. ಹಳೆಯ ಔಷಧಿಗಳನ್ನು ಒಡೆಯುವ ಕಿಣ್ವಗಳೇ ಹೊಸದನ್ನೂ ಒಡೆಯುತ್ತಿದ್ದವು. ಹರಿಯಾಣದಲ್ಲೂ ಹಾಗೆಯೇ ಆಯಿತು. ಐಸೊಪ್ರೊಟ್ಯುರಾನ್ ಸೋತ ಮೇಲೆ 1997–98ರ ಹೊತ್ತಿಗೆ ಕ್ಲೋಡಿನಾಫಾಪ್, ಫೆನಾಕ್ಸಾಪ್ರಾಪ್, ಸಲ್ಫೋಸಲ್ಫ್ಯುರಾನ್ ಬಂದವು. ರೈತರು ಉಸಿರು ಬಿಟ್ಟರು. ಮುಂದಿನ ದಶಕದಲ್ಲಿ ಮಂಡೂಸಿ ಅವುಗಳಿಗೂ ಜಗ್ಗದಂತಾಯಿತು.

ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇಸಾಯದ ಕ್ರಮದಲ್ಲಿ ತಂದ ಬದಲಾವಣೆ. ಉಳುಮೆ ಮಾಡದೆ ಭತ್ತದ ಕೂಳೆಯಲ್ಲೇ ಬೇಗ ಗೋಧಿ ಬಿತ್ತಿದವರ ಹೊಲದಲ್ಲಿ ಮಂಡೂಸಿ ಕಡಿಮೆ ಹುಟ್ಟಿತು. ಕಬ್ಬು, ಬರ್ಸೀಮ್ ಮೇವು, ಸೂರ್ಯಕಾಂತಿಯನ್ನು ನಡುವೆ ಹಾಕಿಕೊಂಡವರಲ್ಲಿ ನಿರೋಧಕತೆ ಕಡಿಮೆ ಇತ್ತು. ಭತ್ತ ಗೋಧಿ ಬಿಟ್ಟು ಬೇರೇನೂ ಬೆಳೆಯದವರ ಹೊಲದಲ್ಲಿ ಎಲ್ಲಕ್ಕಿಂತ ಹೆಚ್ಚು. ನಮ್ಮ ಅಚ್ಚುಕಟ್ಟಿನಲ್ಲಿ ಭತ್ತದ ಮೇಲೆ ಭತ್ತ ಹಾಕುತ್ತಾ ನಾವೂ ಅದೇ ದಾರಿಯಲ್ಲಿದ್ದೇವೆ ಎಂಬುದು ನನ್ನ ದೊಡ್ಡ ಆತಂಕ. ಎರಡನೆಯ ಬೆಳೆಗೆ ಕಾಲುವೆ ನೀರು ಸಿಗದ ವರ್ಷ ಎಲ್ಲರೂ ಗೋಳಾಡುತ್ತಾರೆ, ನಷ್ಟ ನಿಜವೇ. ಆದರೆ ನಿಮ್ಮಂಥ ಎರೆಭೂಮಿಯಲ್ಲಿ ಆ ಹಿಂಗಾರಿಗೆ ಕಡಲೆ ಅಥವಾ ಜೋಳ ಹಾಕಿ. ನೀರು ನಿಲ್ಲದ, ಎಡೆಕುಂಟೆ ಆಡುವ ಹೊಲದಲ್ಲಿ ಭತ್ತದ ಕಳೆಗೆ ನೆಲೆ ಸಿಗುವುದು ಕಷ್ಟ, ಮಣ್ಣಿನಲ್ಲಿರುವ ಬೀಜದಲ್ಲಿ ಒಂದು ಪಾಲು ಅಷ್ಟರಲ್ಲಿ ಹಾಳಾಗುತ್ತದೆ.

ಮುಂಗಾರಿಗೆ ಇನ್ನೊಂದು ಉಪಾಯವಿದೆ. ಮೊದಲ ಹದಮಳೆಗೇ ಬಿತ್ತದೆ, ಕಳೆ ಮೊಳೆಯಲು ಬಿಡಿ. ಎರಡು ವಾರ ಕಾದು ಕುಂಟೆ ಹೊಡೆದು ಅವನ್ನೆಲ್ಲ ಕೊಂದು, ಆಮೇಲೆ ಕೂರಿಗೆ ಹೂಡಿ. ಕುಂಟೆ ಮೇಲುಮೇಲೆ ಆಡಬೇಕು, ಆಳದ ಬೀಜವನ್ನು ಮೇಲೆ ತರಬಾರದು. ಮಳೆ ಕೈಕೊಡುವ ಭಯ ನಿಮಗಿರುತ್ತದೆ. ಹಾಳಾದ ಆ ನಾಲ್ಕು ಮಡಿಗಳಲ್ಲಾದರೂ ಇದನ್ನು ಮಾಡಿ, ಸಾಧ್ಯವಾದರೆ ಅಷ್ಟಕ್ಕೆ ಮಾತ್ರ ಈ ಸಲ ನಾಟಿ ಮಾಡಿಸಿ. ಕೆಸರು ಮಾಡಿ ನೀರು ನಿಲ್ಲಿಸಿದರೆ ಈ ಹುಲ್ಲು ಅರ್ಧಕ್ಕರ್ಧ ಹುಟ್ಟುವುದೇ ಇಲ್ಲ.

ಕಟಾವಿನ ಯಂತ್ರವನ್ನು ಮರೆಯಬೇಡಿ. ಹೊರಗಿನಿಂದ ಬಂದ ಯಂತ್ರ ಒಂದು ಊರಿನ ಕಳೆ ಬೀಜವನ್ನು ಇನ್ನೊಂದು ಊರಿಗೆ ಹೊರುತ್ತದೆ. ಗದ್ದೆಗೆ ಇಳಿಸುವ ಮುನ್ನ ಚಾಲಕನಿಗೆ ಹೇಳಿ ಜರಡಿ, ತೊಟ್ಟಿ ಜಾಡಿಸಿ. ಒಳ್ಳೆಯ ಮಡಿಗಳನ್ನು ಮೊದಲು ಕೊಯ್ಸಿ, ಹುಲ್ಲಿರುವ ಮಡಿಗಳನ್ನು ಕೊನೆಗೆ ಕೊಯ್ಸಿ. ಪಶ್ಚಿಮ ಆಸ್ಟ್ರೇಲಿಯಾದ ರೇ ಹ್ಯಾರಿಂಗ್ಟನ್ ಎಂಬ ರೈತ, ಕಟಾವಿನ ಹೊಟ್ಟಿನೊಂದಿಗೆ ಬರುವ ಕಳೆ ಬೀಜವನ್ನು ಅಲ್ಲೇ ಅರೆದು ಪುಡಿ ಮಾಡುವ ಯಂತ್ರವನ್ನೇ ರೂಪಿಸಿದರು. ಔಷಧಿಗಳೆಲ್ಲ ಸೋತ ನಾಡಿನಲ್ಲಿ ರೈತರು ಕೊನೆಗೆ ಬೀಜದ ಬೆನ್ನು ಹತ್ತಿದರು. ನಮ್ಮ ಹುಲ್ಲು ಭತ್ತಕ್ಕಿಂತ ಮುಂಚೆ ಬೀಜ ಉದುರಿಸುವುದರಿಂದ ಆ ಯಂತ್ರ ನಮಗೆ ಅಷ್ಟಾಗಿ ಆಗಿಬರದು. ನಮಗೆ ಸಿರುಗುಪ್ಪದ ತಾಯಿಯ ಗುಂಪೇ ಸರಿ.

ಕಾಲುವೆ ಕೊನೆಯ ರೈತ, ಸಿಂಧನೂರು ತಾಲ್ಲೂಕು

ಸರ್, ಅಕ್ಕ, ಇಬ್ಬರಿಗೂ ವಂದನೆಗಳು. ಹುಲ್ಲಿನ್ನೂ ಹೂ ಬಿಟ್ಟಿಲ್ಲ. ನಾಳಿದ್ದು ಆರು ಜನರನ್ನು ಹಚ್ಚಿ ನಾಲ್ಕೂ ಮಡಿಗಳಲ್ಲಿ ಕೀಳಿಸುತ್ತೇನೆ. ಲಾವಣಿ ಜಮೀನಿನ ಮಾಲೀಕರಿಗೂ ನಿಮ್ಮ ಬರಹವನ್ನು ಓದಿ ಹೇಳಿದೆ. ಹಿಂಗಾರಿಗೆ ಕಡಲೆ ಹಾಕಲು ಒಪ್ಪಿದ್ದಾರೆ. ಇದು ನಿರೋಧಕತೆಯೇ ಎಂದು ಖಚಿತ ಮಾಡಿಕೊಳ್ಳಲು ನಾನೇ ಏನಾದರೂ ಮಾಡಬಹುದೇ?

ನಿವೃತ್ತ ಕೃಷಿ ಅಧಿಕಾರಿ, ಗಂಗಾವತಿ

ಮಾಡಬಹುದು. ಕೀಳಿಸುವಾಗ ಬದುಕುಳಿದ ಹುಲ್ಲುಗಳಲ್ಲಿ ಹದಿನೈದು ಇಪ್ಪತ್ತನ್ನು ಬುಡದ ಮಣ್ಣಿನ ಸಮೇತ ಎತ್ತಿ, ಮನೆಯ ಹತ್ತಿರ ಕುಂಡಗಳಲ್ಲಿ ನೆಡಿ. ತೆನೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ಬೀಜ ನೆಲಕ್ಕೆ ಬೀಳದಂತೆ ಸಂಗ್ರಹಿಸಿ. ಕಳೆನಾಶಕವನ್ನು ಎಂದೂ ಕಾಣದ ಜಾಗದಿಂದ, ಊರಿನ ಕೆರೆಯಂಗಳದ ಕಡೆಯಿಂದಲೋ ಹಳ್ಳದ ದಂಡೆಯಿಂದಲೋ ಅದೇ ಹುಲ್ಲಿನ ಬೀಜವನ್ನು ಬೇರೆಯಾಗಿ ತನ್ನಿ. ಎರಡನ್ನೂ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಹೊಸ ಬೀಜಕ್ಕೆ ಸುಪ್ತಾವಸ್ಥೆ ಇರುವುದರಿಂದ ಕೂಡಲೇ ಮೊಳೆಯದು, ಕೆಲವು ತಿಂಗಳು ಕಾಯಬೇಕು.

ಆಮೇಲೆ ಎರಡೂ ಬಗೆಯನ್ನು ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ. ಮೂರು ಎಲೆ ಬಂದಾಗ ಕೆಲವು ಕುಂಡಗಳಿಗೆ ಏನೂ ಹೊಡೆಯದೆ ಬಿಡಿ, ಕೆಲವಕ್ಕೆ ಚೀಟಿಯಲ್ಲಿರುವ ಪ್ರಮಾಣ, ಕೆಲವಕ್ಕೆ ಅದರ ಎರಡರಷ್ಟು ಹೊಡೆಯಿರಿ. ಮೂರು ವಾರ ಕಾದು ಎಣಿಸಿ. ಕೆರೆಯಂಗಳದ ಹುಲ್ಲು ಸತ್ತು ನಿಮ್ಮದು ಉಳಿದರೆ ಖಚಿತ. ಎರಡೂ ಸತ್ತರೆ ದೋಷ ಸಿಂಪಡಣೆಯದು. ಬೀಜದಲ್ಲಿ ಅರ್ಧವನ್ನು ತೆಗೆದಿಟ್ಟು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬೇಸಾಯಶಾಸ್ತ್ರ ವಿಭಾಗಕ್ಕೋ ಕೊಡಿ. ಪೊಟ್ಟಣದ ಮೇಲೆ ಊರು, ಸರ್ವೆ ನಂಬರ್, ಯಾವ ವರ್ಷ ಯಾವ ರಾಸಾಯನಿಕ ಹೊಡೆದಿದ್ದೀರಿ ಎಂಬ ವಿವರ ಇರಲಿ. ಪರೀಕ್ಷೆ ಮುಗಿದ ಕುಂಡಗಳ ಹುಲ್ಲನ್ನು ಹೂ ಬಿಡುವ ಮೊದಲು ಕಿತ್ತು ಸುಡಿ, ಕುಂಡದ ಮಣ್ಣನ್ನು ಗದ್ದೆಗೆ ಚೆಲ್ಲಬೇಡಿ.